ಶೇ. 61 ಮತ ಪಡೆದು ಗೆದ್ದ ಜಾನ್ಸನ್ ಮೂರೂವರೆ ವರ್ಷದಲ್ಲಿ ಕಣ ಬಿಟ್ಟಿದ್ದು ಯಾಕೆ? ವಿಯೆಟ್ನಾಂ ಒಂದೇ ಕಾರಣವಾ?

ತುಂಗಾತೀರ
ಅಮೆರಿಕದ 1960ರ ದಶಕದ ಬಗ್ಗೆ ಓದುತ್ತಿದ್ದೇನೆ. ಒಂದು ವಿಷಯ ಅರ್ಥವೇ ಆಗುತ್ತಿಲ್ಲ. 1964ರ ನವೆಂಬರ್‌ನಲ್ಲಿ ಲಿಂಡನ್ ಜಾನ್ಸನ್ ಶೇ. 61ರಷ್ಟು ಮತ ಪಡೆದು ಗೆದ್ದರು. 50ರಲ್ಲಿ 44 ರಾಜ್ಯ ಅವರ ಪಾಲಾಯಿತು. ಆಮೇಲೆ ಮಾಡಿದ ಕೆಲಸಗಳೂ ಸಣ್ಣವಲ್ಲ. ವಯಸ್ಸಾದವರಿಗೆ ಮೆಡಿಕೇರ್, ಕಪ್ಪು ಜನರ ಮತದಾನದ ಹಕ್ಕಿಗೆ ಕಾನೂನು, ಬಡತನದ ವಿರುದ್ಧ ದೊಡ್ಡ ಕಾರ್ಯಕ್ರಮ. ಇಷ್ಟೆಲ್ಲ ಮಾಡಿದ ಮನುಷ್ಯ 1968ರ ಮಾರ್ಚ್ 31ರ ರಾತ್ರಿ ಟಿವಿಯಲ್ಲಿ ಬಂದು, ನಾನು ಮತ್ತೆ ಸ್ಪರ್ಧಿಸುವುದಿಲ್ಲ, ಪಕ್ಷ ಟಿಕೆಟ್ ಕೊಟ್ಟರೂ ಬೇಡ ಅಂದುಬಿಟ್ಟರು.

ಯಾರೂ ಅವರನ್ನು ಸೋಲಿಸಿರಲಿಲ್ಲ. ಮಹಾಭಿಯೋಗವೂ ಇರಲಿಲ್ಲ. ಒಂದು ಯುದ್ಧ ಕೂತಲ್ಲೇ ಒಬ್ಬ ಅಧ್ಯಕ್ಷನನ್ನು ಹೀಗೆ ಇಳಿಸಬಹುದಾ? ಗೊತ್ತಿರುವವರು ಹೇಳಿ.

ಹಳೇಪೇಟೆ
ವಿಯೆಟ್ನಾಂ. ಬೇರೆ ಉತ್ತರ ಹುಡುಕುವ ಅಗತ್ಯವೇ ಇಲ್ಲ.

ಇತಿಹಾಸಪ್ರಿಯೆ
ಹಳೇಪೇಟೆಯವರೇ, ಉತ್ತರ ಸರಿ. ಆದರೆ ಅದೇ ಯುದ್ಧವನ್ನು 1964ರಲ್ಲಿ ಯಾರೂ ವಿರೋಧಿಸಲಿಲ್ಲವಲ್ಲ, ಅದನ್ನೂ ನೋಡಬೇಕು.

1964ರ ಆಗಸ್ಟ್ 2ರಂದು ಟೊಂಕಿನ್ ಕೊಲ್ಲಿಯಲ್ಲಿ ಅಮೆರಿಕದ ಮ್ಯಾಡಾಕ್ಸ್ ಹಡಗಿನ ಮೇಲೆ ಉತ್ತರ ವಿಯೆಟ್ನಾಂ ದೋಣಿಗಳು ದಾಳಿ ಮಾಡಿದವು. 4ರಂದು ಎರಡನೇ ದಾಳಿ ಆಯಿತು ಅಂತ ಸರ್ಕಾರ ಹೇಳಿತು. ಆ ಎರಡನೆಯದು ನಡೆದೇ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಆದರೆ ಅಷ್ಟರಲ್ಲಿ, ಅಲ್ಲಿ ಸೇನೆ ಬಳಸಲು ಅಧ್ಯಕ್ಷರಿಗೆ ಅಧಿಕಾರ ಕೊಡುವ ನಿರ್ಣಯ ಪಾಸಾಗಿತ್ತು. ಕೆಳಮನೆಯಲ್ಲಿ 416ಕ್ಕೆ ಸೊನ್ನೆ, ಸೆನೆಟ್‌ನಲ್ಲಿ 88ಕ್ಕೆ 2. ಬೇಡ ಅಂದ ಆ ಇಬ್ಬರು ವೇಯ್ನ್ ಮೋರ್ಸ್ ಮತ್ತು ಅರ್ನೆಸ್ಟ್ ಗ್ರೂನಿಂಗ್. ಇಬ್ಬರೂ ಜಾನ್ಸನ್ ಅವರ ಪಕ್ಷದವರೇ. ಆ ನಿರ್ಣಯವನ್ನೇ ಹಿಡಿದುಕೊಂಡು ಜಾನ್ಸನ್ ಮುಂದೆ ಹೋದರು. ಯುದ್ಧ ಘೋಷಣೆ ಅಂತ ಒಂದು ಆಗಲೇ ಇಲ್ಲ.

ಆಮೇಲಿನ ಲೆಕ್ಕ ನೋಡಿ. 1965ರ ಮಾರ್ಚ್‌ನಲ್ಲಿ ಡಾ ನಾಂಗ್‌ನಲ್ಲಿ ಇಳಿದದ್ದು 3,500 ಮರೀನ್‌ಗಳು. ಜುಲೈನಲ್ಲಿ 75 ಸಾವಿರ ಇದ್ದದ್ದನ್ನು 1,25,000ಕ್ಕೆ ಏರಿಸುತ್ತೇವೆ ಅಂತ ಹೇಳಿದರು. ಅದನ್ನೂ ಮಧ್ಯಾಹ್ನದ ಪತ್ರಿಕಾಗೋಷ್ಠಿಯಲ್ಲಿ ಹೇಳಿದರು, ರಾತ್ರಿ ಎಲ್ಲರೂ ಟಿವಿ ನೋಡುವ ಹೊತ್ತಿನಲ್ಲಿ ಅಲ್ಲ. 1967ರ ಕೊನೆಗೆ ಅಲ್ಲಿದ್ದ ಸೈನಿಕರು 4,85,000ದ ಹತ್ತಿರ. ದೇಶ ಇಷ್ಟು ದೊಡ್ಡ ಯುದ್ಧಕ್ಕೆ ಇಳಿದಿದೆ ಅಂತ ಜನರನ್ನು ಕೂರಿಸಿ ಯಾರೂ ಹೇಳಲೇ ಇಲ್ಲ. ಕದ್ದುಮುಚ್ಚಿ ಬೆಳೆಸಿದ ಯುದ್ಧ ಅದು. ನನ್ನ ಪ್ರಕಾರ ಅವರನ್ನು ಇಳಿಸಿದ್ದು ಈ ಮುಚ್ಚಿಟ್ಟ ಸ್ವಭಾವ.

ಬಿಸಿಲೂರು_ಹುಡುಗ
ನಾನು ಒಪ್ಪಲ್ಲ ಮೇಡಂ. ಎಲ್ಲವನ್ನೂ ವಿಯೆಟ್ನಾಂ ತಲೆಗೆ ಕಟ್ಟೋದು ಸುಲಭ. 1965ರಲ್ಲಿ ಲಾಸ್ ಏಂಜಲಿಸ್‌ನ ವಾಟ್ಸ್ ಹೊತ್ತಿ ಉರಿಯಿತು. 1967ರಲ್ಲಿ ನ್ಯೂವಾರ್ಕ್, ಡೆಟ್ರಾಯಿಟ್. ನಾಗರಿಕ ಹಕ್ಕುಗಳ ಕಾನೂನಿಗೆ ಸಹಿ ಹಾಕಿದ ದಿನವೇ ದಕ್ಷಿಣದ ಬಿಳಿಯರ ಮತ ಕೈಬಿಡಲು ಶುರುವಾಗಿತ್ತು. 1966ರ ಮಧ್ಯಂತರ ಚುನಾವಣೆಯಲ್ಲಿ ಅವರ ಪಕ್ಷ ಕೆಳಮನೆಯಲ್ಲಿ 47 ಸ್ಥಾನ ಕಳೆದುಕೊಂಡಿತು. ಆಗಿನ್ನೂ ಯುದ್ಧದ ವಿರುದ್ಧ ಜನ ಪೂರ್ತಿ ತಿರುಗಿರಲಿಲ್ಲ. ಜೊತೆಗೆ ಬೆಲೆ ಏರಿಕೆ ಬೇರೆ.

ಇತಿಹಾಸಪ್ರಿಯೆ
@ಬಿಸಿಲೂರು_ಹುಡುಗ ಬೆಲೆ ಏರಿಕೆ ಎಲ್ಲಿಂದ ಬಂತು ಹೇಳಿ? ಯುದ್ಧಕ್ಕೂ ದುಡ್ಡು, ಬಡತನದ ಕಾರ್ಯಕ್ರಮಕ್ಕೂ ದುಡ್ಡು, ತೆರಿಗೆ ಮಾತ್ರ ಏರಿಸಲ್ಲ ಅಂತ ಎರಡು ವರ್ಷ ತಳ್ಳಿದರು. ತೆರಿಗೆ ಕೇಳಿದರೆ ಸಂಸತ್ತು ಯುದ್ಧದ ಲೆಕ್ಕ ಕೇಳುತ್ತದೆ, ಆಮೇಲೆ ತಮ್ಮ ಕಾರ್ಯಕ್ರಮಗಳಿಗೆ ಕತ್ತರಿ ಹಾಕುತ್ತದೆ ಅನ್ನೋ ಭಯ. ಕೊನೆಗೆ ಶೇ. 10 ಹೆಚ್ಚುವರಿ ತೆರಿಗೆ 1968ರ ಜೂನ್‌ನಲ್ಲಿ ಪಾಸಾಯಿತು. ಅಷ್ಟೊತ್ತಿಗೆ ಅವರು ಹೋಗುವುದು ಖಚಿತವಾಗಿತ್ತು. ಅದಕ್ಕೂ 600 ಕೋಟಿ ಡಾಲರ್ ಖರ್ಚು ಕಡಿತ ಮಾಡಿ ಅಂತ ಸಂಸತ್ತು ಷರತ್ತು ಹಾಕಿತು. ಹಾಗಾಗಿ ನೀವು ಹೇಳಿದ ಅರ್ಧ ಕಾರಣ ಯುದ್ಧದ ಹೊಟ್ಟೆಯಿಂದಲೇ ಬಂದದ್ದು.

ಬಿಸಿಲೂರು_ಹುಡುಗ
ಅರ್ಧ ಅಂತ ಒಪ್ಪಿದ್ರಲ್ಲ, ಅಷ್ಟು ಸಾಕು. ಉಳಿದರ್ಧ ಜನಾಂಗದ ಪ್ರಶ್ನೆ. 1968ರಲ್ಲಿ ಕಪ್ಪು-ಬಿಳಿಯರನ್ನು ಬೇರೆ ಇಡಬೇಕು ಅನ್ನುತ್ತಿದ್ದ ಜಾರ್ಜ್ ವ್ಯಾಲೇಸ್ ಮೂರನೇ ಅಭ್ಯರ್ಥಿಯಾಗಿ ನಿಂತು ಶೇ. 13ಕ್ಕಿಂತ ಜಾಸ್ತಿ ಮತ ತಗೊಂಡಿದ್ದು ವಿಯೆಟ್ನಾಂ ಒಂದರಿಂದಲೇ ಅಲ್ಲ.

ಜರ್ಸಿ_ಮೈಸೂರಿಗ
ನಾನು ನ್ಯೂಜರ್ಸಿಯಲ್ಲಿ ಇರೋದು. ನಮ್ಮಂಥವರು ಇಲ್ಲಿಗೆ ಬರಲು ಬಾಗಿಲು ತೆರೆದದ್ದು ಇದೇ ಜಾನ್ಸನ್ ಸಹಿ ಹಾಕಿದ 1965ರ ವಲಸೆ ಕಾನೂನು. ಅದಕ್ಕೆ ಮೊದಲು ಭಾರತಕ್ಕೆ ವರ್ಷಕ್ಕೆ ನೂರು ಜನರ ಕೋಟಾ ಇತ್ತು.

ನಮ್ಮ ಚಿಕ್ಕಪ್ಪ 1966ರಲ್ಲಿ ಎಂಜಿನಿಯರಿಂಗ್ ಓದಲು ಬಂದವರು. ವಿದ್ಯಾರ್ಥಿ ವೀಸಾದಲ್ಲಿ ಇರುವವರಿಗೆ ಡ್ರಾಫ್ಟ್, ಅಂದರೆ ಕಡ್ಡಾಯವಾಗಿ ಸೇನೆಗೆ ಕರೆಯೋದು, ಇರಲಿಲ್ಲ. ಆದರೆ ಗ್ರೀನ್ ಕಾರ್ಡ್ ಸಿಕ್ಕಿತು ಅಂದರೆ 26 ವರ್ಷದೊಳಗಿನ ಗಂಡಸರು ಸೇನೆಗೆ ಹೆಸರು ನೋಂದಾಯಿಸಲೇಬೇಕು. ಪೌರತ್ವ ಇಲ್ಲದಿದ್ದರೂ ಅಷ್ಟೇ. ಚಿಕ್ಕಪ್ಪ ನೋಂದಾಯಿಸಿದರು, ಕರೆ ಬರಲಿಲ್ಲ. ರೂಮಲ್ಲಿ ಜೊತೆಗಿದ್ದ ಅಮೆರಿಕದ ಹುಡುಗನಿಗೆ ಬಂತು. ಅವನು ಎಂ.ಎಸ್. ಓದುತ್ತಿದ್ದ. 1968ರ ಫೆಬ್ರವರಿಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಇದ್ದ ವಿನಾಯಿತಿಯನ್ನು ಬಹುಪಾಲು ತೆಗೆದುಹಾಕಿದ್ದರು. ಪೋಸ್ಟ್ ಬಾಕ್ಸ್ ತೆಗೆಯೋಕೆ ಅವನು ಹೆದರುತ್ತಿದ್ದ, ಬೆಳಿಗ್ಗೆ ನನ್ನನ್ನೇ ಕೆಳಗೆ ಕಳಿಸುತ್ತಿದ್ದ ಅಂತ ಚಿಕ್ಕಪ್ಪ ಹೇಳುತ್ತಿದ್ದರು. ಒಂದು ದಿನ ಇವರೇ ಆ ಲಕೋಟೆ ತಂದು ಅವನ ಕೈಗೆ ಕೊಡಬೇಕಾಯಿತು. ಅದನ್ನು ಹೇಳುವಾಗ ಎಷ್ಟೋ ವರ್ಷದ ಮೇಲೂ ಅವರ ದನಿ ಬದಲಾಗುತ್ತಿತ್ತು.

ಯುದ್ಧ ಮನೆಗೆ ಬರೋದು ಅಂದರೆ ಇದು. ಡ್ರಾಫ್ಟ್ ಇಲ್ಲದಿದ್ದರೆ ಜಾನ್ಸನ್ ಇಳಿಯುತ್ತಿರಲಿಲ್ಲ ಅನ್ನೋದು ನನ್ನ ಗಟ್ಟಿ ನಂಬಿಕೆ.

ಕಾಲೇಜ್_ಮೇಷ್ಟ್ರು
ಇನ್ನೊಂದು ಸೇರಿಸಿ. ಆಗ ಮತದಾನದ ವಯಸ್ಸು 21. 18ಕ್ಕೆ ಸೇನೆಗೆ ಎಳೆದುಕೊಂಡು ಹೋಗುತ್ತಿದ್ದರು, ವೋಟು ಮಾತ್ರ ಇಲ್ಲ. 18ಕ್ಕೆ ಇಳಿದದ್ದು 1971ರಲ್ಲಿ, ಸಂವಿಧಾನದ 26ನೇ ತಿದ್ದುಪಡಿಯಿಂದ. ಮತ ಹಾಕಲಾಗದ ಹುಡುಗರು ಬೀದಿಗೆ ಇಳಿಯದೆ ಇನ್ನೇನು ಮಾಡಬೇಕಿತ್ತು?

ಕಾಫಿತೋಟ
ಜಾನ್ಸನ್ ಮೊದಲನೆಯವರಲ್ಲ ಸ್ವಾಮಿ. ಟ್ರೂಮನ್ ಅವರನ್ನು ಮರೆತುಬಿಟ್ಟಿರಾ? ಕೊರಿಯಾ ಯುದ್ಧ. 1952ರ ಮಾರ್ಚ್ 11ರಂದು ನ್ಯೂ ಹ್ಯಾಂಪ್‌ಷೈರ್ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿ ಆರಿಸುವ ಚುನಾವಣೆ) ಎಸ್ಟೆಸ್ ಕಿಫಾವರ್ ಎದುರು ಟ್ರೂಮನ್ ಸೋತರು. ಮಾರ್ಚ್ 29ಕ್ಕೆ ಸ್ಪರ್ಧಿಸಲ್ಲ ಅಂತ ಘೋಷಿಸಿದರು. 16 ವರ್ಷದ ಮೇಲೆ ಅದೇ ರಾಜ್ಯ, ಅದೇ ತಿಂಗಳು, ಅದೇ ಪಕ್ಷ.

ಕೊಡಗಿನವರಿಗೆ ಕೊರಿಯಾ ದೂರದ ಕಥೆಯಲ್ಲ. ಯುದ್ಧ ನಿಂತ ಮೇಲೆ ಸೆರೆಯಾಳುಗಳನ್ನು ವಾಪಸ್ ಕಳಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ನಮ್ಮ ಜನರಲ್ ತಿಮ್ಮಯ್ಯ. ಊರಿಗೆ ಹೋಗಲ್ಲ ಅನ್ನುವ ಸಾವಿರಾರು ಸೆರೆಯಾಳುಗಳು, ಎರಡೂ ಕಡೆಯಿಂದ ಒತ್ತಡ. ಆ ಯುದ್ಧ ನಿಲ್ಲದೆ ಎಳೆದದ್ದೇ ಈ ಸೆರೆಯಾಳುಗಳ ವಿಷಯಕ್ಕೆ. ಟ್ರೂಮನ್ ಅವರ ಕೊನೆಯ ವರ್ಷವನ್ನು ತಿಂದುಹಾಕಿದ್ದೂ ಆ ಹಗ್ಗಜಗ್ಗಾಟವೇ.

ಹಳೇಪೇಟೆ
ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆ ಈಗ ಮ್ಯೂಸಿಯಂ ಆಗಿದೆ. ಹೋದವರು ತಪ್ಪದೆ ನೋಡಿ.

ಬಿಸಿಲೂರು_ಹುಡುಗ
ಟ್ರೂಮನ್ ಬಿದ್ದಿದ್ದು ಕೊರಿಯಾ ಒಂದರಿಂದ ಅಲ್ಲ. ಆಡಳಿತದಲ್ಲಿ ಭ್ರಷ್ಟಾಚಾರದ ಆರೋಪ ಇತ್ತು. 1951ರ ಏಪ್ರಿಲ್‌ನಲ್ಲಿ ಕೊರಿಯಾದಲ್ಲಿ ಸೇನೆ ನಡೆಸುತ್ತಿದ್ದ ಜನರಲ್ ಮೆಕಾರ್ಥರ್ ಅವರನ್ನು ಕಿತ್ತುಹಾಕಿದ್ದಕ್ಕೆ ಜನ ಕೆಂಡವಾಗಿದ್ದರು. ಚೀನಾ ಕಮ್ಯುನಿಸ್ಟರ ಕೈಗೆ ಹೋಗಿದ್ದಕ್ಕೂ ಅವರೇ ಹೊಣೆ ಅಂತ ವಿರೋಧ ಪಕ್ಷ ದಿನಾ ಹೊಡೆಯುತ್ತಿತ್ತು.

ಸುದ್ದಿಮನೆ_ಹಳಬ
ನಾನು ಪತ್ರಿಕೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಯಾರೂ ಟೆಟ್ ಬಗ್ಗೆ ಮಾತಾಡಲಿಲ್ಲವಲ್ಲ ಅಂತ ಬರೆಯುತ್ತಿದ್ದೇನೆ.

1967ರ ನವೆಂಬರ್‌ನಲ್ಲಿ ಜನರಲ್ ವೆಸ್ಟ್‌ಮೋರ್‌ಲ್ಯಾಂಡ್ ಅವರನ್ನು ಯುದ್ಧಭೂಮಿಯಿಂದ ವಾಷಿಂಗ್ಟನ್‌ಗೆ ಕರೆಸಿದರು. ಯುದ್ಧದ ಕೊನೆ ಕಣ್ಣಿಗೆ ಕಾಣುತ್ತಿದೆ ಅಂತ ಅವರು ಪತ್ರಕರ್ತರ ಮುಂದೆ ಹೇಳಿದರು. ಎರಡೂವರೆ ತಿಂಗಳು ಕಳೆದಿಲ್ಲ, 1968ರ ಜನವರಿ 30–31ಕ್ಕೆ ಟೆಟ್ ಹಬ್ಬದ ದಿನ ದಕ್ಷಿಣ ವಿಯೆಟ್ನಾಂನ ನೂರಕ್ಕೂ ಹೆಚ್ಚು ಊರು, ಪಟ್ಟಣಗಳ ಮೇಲೆ ಒಟ್ಟಿಗೇ ದಾಳಿ. ಸೈಗಾನ್‌ನ ಅಮೆರಿಕ ರಾಯಭಾರ ಕಚೇರಿಯ ಗೋಡೆಗೆ ತೂತು ಕೊರೆದು ಒಳಗೇ ನುಗ್ಗಿದರು. ಹ್ವೆ ನಗರದಲ್ಲಿ ಮನೆಮನೆಗೂ ಕಾದಾಟ ಸುಮಾರು ಒಂದು ತಿಂಗಳು.

ಸೈನಿಕ ಲೆಕ್ಕದಲ್ಲಿ ಟೆಟ್‌ನಲ್ಲಿ ಪೆಟ್ಟು ತಿಂದದ್ದು ವಿಯೆಟ್‌ಕಾಂಗ್, ಅಂದರೆ ದಕ್ಷಿಣದ ಕಮ್ಯುನಿಸ್ಟ್ ಗೆರಿಲ್ಲಾಗಳು. ಅವರ ಸಾವುಗಳು ವಿಪರೀತ, ಒಂದು ನಗರವನ್ನೂ ಉಳಿಸಿಕೊಳ್ಳಲಿಲ್ಲ. ಆದರೆ ಅಮೆರಿಕದ ಜನ ನೋಡಿದ್ದು ಬೇರೆ. ಮುಗಿಯುತ್ತಾ ಬಂತು ಅಂದ ಯುದ್ಧ ರಾಯಭಾರ ಕಚೇರಿಯ ಅಂಗಳಕ್ಕೆ ಬಂದಿತ್ತು. ದೂರದಲ್ಲಿ ಸೋತರೂ ಜನ ಕ್ಷಮಿಸುತ್ತಾರೇನೋ, ಗೆಲ್ಲುತ್ತಿದ್ದೇವೆ ಅಂತ ಹೇಳಿಸಿಕೊಂಡ ಮೇಲೆ ಇಂಥದ್ದನ್ನು ನೋಡಿದರೆ ಕ್ಷಮಿಸಲ್ಲ.

ಶರಾವತಿ_ಬರಹ
ಆಗಲೇ ಅಲ್ವಾ ವಾಲ್ಟರ್ ಕ್ರಾಂಕೈಟ್ ಟಿವಿಯಲ್ಲಿ ಈ ಯುದ್ಧ ಗೆಲ್ಲೋಕಾಗಲ್ಲ ಅಂದಿದ್ದು? ಅದನ್ನು ನೋಡಿದ ಜಾನ್ಸನ್, ಕ್ರಾಂಕೈಟ್ ಹೋದರೆ ದೇಶವೇ ನನ್ನ ಕೈಬಿಟ್ಟ ಹಾಗೆ ಅಂತ ಹೇಳಿ ಟಿವಿ ಆರಿಸಿದರಂತೆ.

ಸುದ್ದಿಮನೆ_ಹಳಬ
@ಶರಾವತಿ_ಬರಹ ಆ ಕಥೆ ಎಲ್ಲ ಕಡೆ ಓಡಾಡುತ್ತದೆ, ಆದರೆ ನಿಲ್ಲಲ್ಲ ತಂಗಿ. ಕ್ರಾಂಕೈಟ್ ಫೆಬ್ರವರಿ 27ರಂದು ಹೇಳಿದ್ದು ನಿಜ. ಸೋತೆವು ಅನ್ನಲಿಲ್ಲ, ಎರಡೂ ಕಡೆ ಗೆಲ್ಲದ ಸ್ಥಿತಿಗೆ ಸಿಕ್ಕಿದ್ದೇವೆ, ಮಾತುಕತೆಯೇ ದಾರಿ ಅಂದರು. ಆದರೆ ಆ ಕಾರ್ಯಕ್ರಮ ಬರುವಾಗ ಜಾನ್ಸನ್ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಗವರ್ನರ್ ಕಾನಲಿ ಅವರ ಹುಟ್ಟುಹಬ್ಬದ ಸಮಾರಂಭಕ್ಕೆ ಹೋಗಿದ್ದರು. ಟಿವಿ ಮುಂದೆ ಕೂತಿರಲೇ ಇಲ್ಲ. ಒಬ್ಬ ಟಿವಿ ನಿರೂಪಕ ಅಧ್ಯಕ್ಷನನ್ನು ಬೀಳಿಸಿದ ಅನ್ನೋದು ನಮ್ಮ ಕಸುಬಿನವರಿಗೆ ಇಷ್ಟವಾದ ಕಥೆ, ಅದಕ್ಕೇ ಇಷ್ಟು ದಿನ ಬಾಳಿದೆ.

ಜರ್ಸಿ_ಮೈಸೂರಿಗ
ಮಾರ್ಚ್ 10ರ ಸುದ್ದಿಗೆ ಅದಕ್ಕಿಂತ ಜಾಸ್ತಿ ತೂಕ ಇತ್ತು. ಇನ್ನೂ 2,06,000 ಸೈನಿಕರು ಬೇಕು ಅಂತ ಸೇನೆ ಕೇಳಿದೆ ಅಂತ ನ್ಯೂಯಾರ್ಕ್ ಟೈಮ್ಸ್ ಬಯಲು ಮಾಡಿತು. ಗೆದ್ದಿದ್ದರೆ ಇನ್ನೂ ಎರಡು ಲಕ್ಷ ಜನ ಯಾಕೆ ಬೇಕು ಅಂತ ಯಾರಾದರೂ ಕೇಳುತ್ತಾರೆ. ಎರಡೇ ದಿನಕ್ಕೆ ನ್ಯೂ ಹ್ಯಾಂಪ್‌ಷೈರ್ ಪ್ರೈಮರಿ. ಜಾನ್ಸನ್ ಶೇ. 49, ಅದೇ ಪಕ್ಷದ ಯುದ್ಧ ವಿರೋಧಿ ಯೂಜೀನ್ ಮೆಕಾರ್ಥಿ ಶೇ. 42. ನಾಲ್ಕು ದಿನದ ಮೇಲೆ ರಾಬರ್ಟ್ ಕೆನಡಿಯೂ ಕಣಕ್ಕಿಳಿದರು.

ರಾಗಿಮುದ್ದೆ
ಮೆಕಾರ್ಥಿ ಅಂದ್ರೆ ಕಮ್ಯುನಿಸ್ಟರನ್ನು ಹುಡುಕಿ ಹುಡುಕಿ ಕಾಡಿದವನಾ?

ಕಾಲೇಜ್_ಮೇಷ್ಟ್ರು
ಅಲ್ಲ, ಅವನು ಜೋಸೆಫ್, ವಿಸ್ಕಾನ್ಸಿನ್‌ನವನು, 1957ರಲ್ಲೇ ತೀರಿಕೊಂಡ. ಇವರು ಮಿನೆಸೋಟದ ಸೆನೆಟರ್. ಇವರಿಗಾಗಿ ಕಾಲೇಜು ಹುಡುಗರು ಉದ್ದ ಕೂದಲು ಕತ್ತರಿಸಿ, ಗಡ್ಡ ಬೋಳಿಸಿ, ಹಿಮದಲ್ಲಿ ಮನೆಮನೆಗೆ ಹೋಗಿ ಪ್ರಚಾರ ಮಾಡಿದರು. ಭಾರತದಲ್ಲಿ ರಾಯಭಾರಿಯಾಗಿದ್ದ ಗಾಲ್‌ಬ್ರೆಯ್ತ್ ಕೂಡ ಇವರ ಬೆನ್ನಿಗೆ ಇದ್ದರು.

ಬಿಸಿಲೂರು_ಹುಡುಗ
ಜಾನ್ಸನ್ ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಗೆದ್ದರು. ಅದೂ ಮತಪತ್ರದಲ್ಲಿ ಅವರ ಹೆಸರೇ ಇರಲಿಲ್ಲ, ಜನ ಕೈಯಲ್ಲಿ ಬರೆದು ಹಾಕಿದ್ದು. ಮೆಕಾರ್ಥಿಗೆ ಮತ ಹಾಕಿದವರಲ್ಲಿ ತುಂಬಾ ಜನ ಯುದ್ಧ ನಿಲ್ಲಿಸಿ ಅನ್ನುವವರಲ್ಲ, ಇನ್ನೂ ಜೋರಾಗಿ ಹೊಡೆದು ಮುಗಿಸಿ ಅನ್ನುವವರು ಅಂತ ಆಮೇಲಿನ ಸಮೀಕ್ಷೆಗಳಲ್ಲಿ ಗೊತ್ತಾಯಿತು. ಅದನ್ನು ಶಾಂತಿಯ ಗೆಲುವು ಅಂತ ಹೇಳೋದು ಸರಿಯಲ್ಲ.

ಇತಿಹಾಸಪ್ರಿಯೆ
ಶಾಂತಿಯ ಗೆಲುವು ಅಂತ ನಾನೂ ಹೇಳಲ್ಲ. ಆದರೆ ನೀವು ಹೇಳಿದ್ದರಿಂದ ನನ್ನ ಮಾತಿಗೆ ಬಲವೇ ಬಂತು. ಯುದ್ಧ ಬೇಡ ಅನ್ನುವವರೂ ಜಾನ್ಸನ್ ವಿರುದ್ಧ, ಇನ್ನೂ ಬೇಕು ಅನ್ನುವವರೂ ಜಾನ್ಸನ್ ವಿರುದ್ಧ. ಬಾಂಬ್ ಹಾಕಿದರು, ಆದರೆ ಉತ್ತರಕ್ಕೆ ಸೇನೆ ನುಗ್ಗಿಸಲಿಲ್ಲ, ಚೀನಾ ಬರುತ್ತದೆ ಅಂತ. ಸೈನಿಕರನ್ನು ಕಳಿಸಿದರು, ಮೀಸಲು ಪಡೆ ಕರೆಯಲಿಲ್ಲ, ದೇಶ ಗಾಬರಿಯಾಗುತ್ತದೆ ಅಂತ. ಎಲ್ಲರನ್ನೂ ಸಮಾಧಾನ ಮಾಡಲು ಹೋಗಿ ಯಾರೂ ಉಳಿಯಲಿಲ್ಲ. ಆ ಮಾರ್ಚ್‌ನ ಗ್ಯಾಲಪ್ ಸಮೀಕ್ಷೆಯಲ್ಲಿ ಅವರ ಆಡಳಿತ ಒಪ್ಪಿದವರು ಶೇ. 36, ಯುದ್ಧ ನಡೆಸುವ ರೀತಿ ಒಪ್ಪಿದವರು ಶೇ. 26.

ಗೌರಿಬಿದನೂರು_ಅಜ್ಜಿ
ಇಷ್ಟು ಓದಿ ಒಂದು ಹೇಳಬೇಕು ಅನ್ನಿಸಿತು ಮಕ್ಕಳೇ. ಜಾನ್ಸನ್ ಹೆಸರು ನಮಗೆ ಗೊತ್ತಾಗಿದ್ದು ಗೋಧಿಯಿಂದ. 1965, 66ರಲ್ಲಿ ಮಳೆ ಇಲ್ಲ. ರೇಷನ್ ಅಂಗಡಿಯಲ್ಲಿ ಅಮೆರಿಕದ ಗೋಧಿ. ರಾಗಿ ತಿನ್ನುವ ಮನೆ ನಮ್ಮದು, ಅಮ್ಮನಿಗೆ ಚಪಾತಿ ಲಟ್ಟಿಸಿ ಅಭ್ಯಾಸ ಇಲ್ಲ. ಗೋಧಿ ಹಿಟ್ಟಿಗೆ ರಾಗಿ ಹಿಟ್ಟು ಬೆರೆಸಿ ಮುದ್ದೆ ಮಾಡಿ ನೋಡಿದರು, ಅಂಟು ಅಂಟು, ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಸ್ಕೂಲಲ್ಲಿ ಹಳದಿ ಉಪ್ಪಿಟ್ಟು, ಪುಡಿ ಹಾಲು ಕೊಡುತ್ತಿದ್ದರು, ಅದಕ್ಕಾಗಿಯೇ ತಮ್ಮ ಶಾಲೆಗೆ ಹೋಗುತ್ತಿದ್ದ. ಅದೇ ದೇಶ ಇನ್ನೊಂದು ಕಡೆ ಬಾಂಬ್ ಹಾಕುತ್ತಿದೆ ಅಂತ ಅಪ್ಪ ಪೇಪರ್ ಓದಿ ಹೇಳುತ್ತಿದ್ದರು.

ಶರಾವತಿ_ಬರಹ
ಅಜ್ಜಿ, ಎರಡಕ್ಕೂ ನೇರ ಸಂಬಂಧವೇ ಇತ್ತು. ಪಿಎಲ್ 480 (ಅಮೆರಿಕದ ಆಹಾರ ನೆರವಿನ ಕಾನೂನು) ಗೋಧಿಯನ್ನು ಜಾನ್ಸನ್ ಒಟ್ಟಿಗೆ ಬಿಡುತ್ತಿರಲಿಲ್ಲ. ಇಷ್ಟಿಷ್ಟೇ, ತಿಂಗಳ ಲೆಕ್ಕದಲ್ಲಿ, ತಾವೇ ಕಡತ ನೋಡಿ ಹಡಗು ಬಿಡಿಸುತ್ತಿದ್ದರು. ಕೃಷಿ ನೀತಿ ಬದಲಿಸಿ ಅನ್ನೋ ಒತ್ತಡ ಒಂದು ಕಡೆ. ಇಂದಿರಾ ಗಾಂಧಿ ವಿಯೆಟ್ನಾಂ ಬಾಂಬ್ ದಾಳಿ ನಿಲ್ಲಿಸಿ ಅಂದದ್ದಕ್ಕೆ ಸಿಟ್ಟು ಇನ್ನೊಂದು ಕಡೆ. ಬರಗಾಲದ ದೇಶ ಹಡಗು ಕಾಯುತ್ತಾ ಕೂರಬೇಕಾಯಿತು. ನನಗೆ ಆ ಮನುಷ್ಯನ ಮೇಲೆ ಕನಿಕರ ಹುಟ್ಟದೇ ಇರೋದು ಇದಕ್ಕೇ.

ಹಳೇಪೇಟೆ
ಆ ಉಪ್ಪಿಟ್ಟಿನ ವಾಸನೆ ಈಗಲೂ ನೆನಪಿದೆ ಅಜ್ಜಿ. ನಮ್ಮ ಶಾಲೆಯಲ್ಲಿ ತಟ್ಟೆ ಮನೆಯಿಂದ ತರಬೇಕಿತ್ತು.

ರಾಗಿಮುದ್ದೆ
ಗೋಧಿ ಹಿಟ್ಟಿನ ಮುದ್ದೆ!! ಆ ಕಾಲದವರ ಕಷ್ಟ ನಮಗೆ ಊಹಿಸೋಕೂ ಆಗಲ್ಲ.

ತುಂಗಾತೀರ
ಅಜ್ಜಿ ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ಇನ್ನೊಂದು ಪ್ರಶ್ನೆ. ಜನ ವಿರೋಧಿಸಿದರು, ಸರಿ. ಆದರೆ ಸುತ್ತ ಇದ್ದವರು ಏನು ಮಾಡುತ್ತಿದ್ದರು?

ಕಾಲೇಜ್_ಮೇಷ್ಟ್ರು
ಅಲ್ಲೇ ಇರೋದು ಅಸಲಿ ವಿಷಯ. ರಕ್ಷಣಾ ಕಾರ್ಯದರ್ಶಿ ಮೆಕ್‌ನಮಾರಾಗೆ 1967ರಲ್ಲೇ ನಂಬಿಕೆ ಹೋಗಿತ್ತು. ಅವರ ಜಾಗಕ್ಕೆ 1968ರ ಮಾರ್ಚ್ 1ಕ್ಕೆ ಕ್ಲಾರ್ಕ್ ಕ್ಲಿಫರ್ಡ್ ಬಂದರು. ಜಾನ್ಸನ್ ಅವರ ಹಳೆಯ ಸ್ನೇಹಿತ, ಯುದ್ಧದ ಪರ ಇದ್ದವರು. ಎರಡು ಲಕ್ಷ ಸೈನಿಕರನ್ನು ಹೇಗೆ ಹೊಂದಿಸೋದು ನೋಡಿ ಅಂತ ಅವರಿಗೆ ಕೆಲಸ ಕೊಟ್ಟರು. ಅವರು ಪೆಂಟಗನ್‌ನಲ್ಲಿ ಕೂತು ಸೇನಾಧಿಕಾರಿಗಳನ್ನು ಒಂದೊಂದೇ ಕೇಳಿದರು. ಇಷ್ಟು ಜನ ಸಾಕಾಗುತ್ತಾ? ಗೊತ್ತಿಲ್ಲ. ಸಾಲದಿದ್ದರೆ ಇನ್ನೆಷ್ಟು? ಹೇಳೋಕಾಗಲ್ಲ. ಎಷ್ಟು ದಿನ? ಅದೂ ಗೊತ್ತಿಲ್ಲ. ಗೆಲ್ಲುವ ಯೋಜನೆ ಏನು? ಶತ್ರು ಸೋತು ಸುಣ್ಣವಾಗುವ ತನಕ ಕಾಯೋದು. ಕೆಲವೇ ದಿನದಲ್ಲಿ ಕ್ಲಿಫರ್ಡ್ ಮನಸ್ಸು ಬದಲಾಯಿತು.

ಮಾರ್ಚ್ 25, 26ರಂದು ಹಿರಿಯ ಸಲಹೆಗಾರರ ಸಭೆ. ಟ್ರೂಮನ್ ಕಾಲದ ವಿದೇಶಾಂಗ ಕಾರ್ಯದರ್ಶಿ ಡೀನ್ ಅಚೆಸನ್‌ರಂಥವರು. ನವೆಂಬರ್‌ನಲ್ಲಿ ಮುಂದುವರಿಸಿ ಅಂದಿದ್ದ ಅದೇ ಜನರಲ್ಲಿ ಹೆಚ್ಚಿನವರು ಈಗ ಹೊರಬರುವ ದಾರಿ ನೋಡಿ ಅಂದರು. ಐದು ದಿನದ ಮೇಲೆ ಜಾನ್ಸನ್ ಭಾಷಣ. ಬೀದಿಯ ಕೂಗನ್ನು ಅಧ್ಯಕ್ಷರು ತಳ್ಳಿಹಾಕಬಹುದು. ತಾನೇ ಆರಿಸಿಕೊಂಡ ಜನ ಬೇಡ ಅಂದಾಗ ಏನೂ ಉಳಿಯಲ್ಲ.

ಬಿಸಿಲೂರು_ಹುಡುಗ
ಆರೋಗ್ಯ? 1955ರಲ್ಲೇ ದೊಡ್ಡ ಹೃದಯಾಘಾತ ಆಗಿತ್ತು. ಹೆಂಡತಿ ಲೇಡಿ ಬರ್ಡ್‌ಗೆ ಇನ್ನೊಂದು ಅವಧಿ ಬೇಡವಾಗಿತ್ತು. ಜಾನ್ಸನ್ ತೀರಿಕೊಂಡದ್ದು 1973ರ ಜನವರಿ 22. ಮತ್ತೆ ಗೆದ್ದಿದ್ದರೆ ಅವಧಿ ಮುಗಿಯುತ್ತಿದ್ದದ್ದು ಜನವರಿ 20ಕ್ಕೆ.

ಜರ್ಸಿ_ಮೈಸೂರಿಗ
ಹೃದಯದ ತೊಂದರೆ ನಿಜ, ಆದರೆ 1964ರಲ್ಲೂ ಅದು ಇತ್ತಲ್ಲ? ಮಾರ್ಚ್ 31ರ ಬೆಳಿಗ್ಗೆ ಮಗಳು ಲಿಂಡಾ, ಗಂಡನನ್ನು ವಿಯೆಟ್ನಾಂಗೆ ಬೀಳ್ಕೊಟ್ಟು ಕ್ಯಾಲಿಫೋರ್ನಿಯಾದಿಂದ ರಾತ್ರಿ ವಿಮಾನದಲ್ಲಿ ಶ್ವೇತಭವನಕ್ಕೆ ಬಂದಿಳಿದಳು. ಅವಳು ಆಗ ಬಸುರಿ. ಗಂಡ ಯಾಕೆ ಹೋಗಬೇಕು ಅಂತ ಅಪ್ಪನನ್ನೇ ಕೇಳಿದಳು. ಉತ್ತರ ಕೊಡಲು ಅವರ ಬಳಿ ಏನೂ ಇರಲಿಲ್ಲ. ಆ ರಾತ್ರಿಯೇ ಭಾಷಣ.

ವಾದಿ_ಪ್ರತಿವಾದಿ
ಹಾಗಾದರೆ ನಿಕ್ಸನ್? ಅವರೂ ಯುದ್ಧ ಮುಂದುವರಿಸಿದರು. ಕಾಂಬೋಡಿಯಾಕ್ಕೂ ಹಬ್ಬಿಸಿದರು. 1972ರಲ್ಲಿ 49 ರಾಜ್ಯ ಗೆದ್ದರು! ಬುಷ್ ಕೂಡ ಇರಾಕ್ ನಡೆಯುತ್ತಿರುವಾಗಲೇ 2004ರಲ್ಲಿ ಮತ್ತೆ ಗೆದ್ದರು. ಯುದ್ಧ ಅಧ್ಯಕ್ಷನನ್ನು ಇಳಿಸುತ್ತದೆ ಅನ್ನೋ ಸೂತ್ರ ಎಲ್ಲಿ ನಿಂತಿತು?

ಇತಿಹಾಸಪ್ರಿಯೆ
ನಿಕ್ಸನ್ ಸೈನಿಕರನ್ನು ವಾಪಸ್ ಕರೆಸುತ್ತಾ ಬಂದರು. ಅಮೆರಿಕದ ಮನೆಗಳಿಗೆ ಬರುವ ಶವಪೆಟ್ಟಿಗೆ ಕಡಿಮೆಯಾದವು, ಡ್ರಾಫ್ಟ್ ಲಾಟರಿ ಬಂದು ಯಾರಿಗೆ ಕರೆ ಬರುತ್ತದೆ ಅಂತ ಮೊದಲೇ ಗೊತ್ತಾಗತೊಡಗಿತು. ಸಾಯುವವರು ವಿಯೆಟ್ನಾಮೀಯರೇ ಆದಾಗ ಅಮೆರಿಕದ ಮತದಾರನಿಗೆ ಅಷ್ಟು ತಟ್ಟಲಿಲ್ಲ. ಹೇಳೋಕೆ ನೋವಾಗುತ್ತದೆ, ಆದರೆ ನಡೆದದ್ದು ಹಾಗೇ.

ಮತ್ತೆ ನಿಕ್ಸನ್ ಯುದ್ಧದಿಂದ ತಪ್ಪಿಸಿಕೊಂಡರು ಅಂತಲೂ ಅನ್ನಬೇಡಿ. 1971ರಲ್ಲಿ ಡೇನಿಯಲ್ ಎಲ್ಸ್‌ಬರ್ಗ್ ಪೆಂಟಗನ್ ಪೇಪರ್ಸ್ (ವಿಯೆಟ್ನಾಂ ಬಗ್ಗೆ ಸರ್ಕಾರದ ಗುಪ್ತ ದಾಖಲೆಗಳು) ಹೊರಬಿಟ್ಟಾಗ ಶ್ವೇತಭವನ ಒಂದು ಗುಪ್ತ ತಂಡ ಕಟ್ಟಿತು. ಆ ತಂಡ ಎಲ್ಸ್‌ಬರ್ಗ್ ಅವರ ಮನೋವೈದ್ಯರ ಕಚೇರಿಗೆ ಕನ್ನ ಹಾಕಿತು. ಅದನ್ನು ನಡೆಸಿದ ಹಂಟ್ ಮತ್ತು ಲಿಡ್ಡಿಯೇ ಮುಂದಿನ ವರ್ಷ ವಾಟರ್‌ಗೇಟ್‌ನಲ್ಲಿ ವಿರೋಧ ಪಕ್ಷದ ಕಚೇರಿಗೆ ಹಾಕಿದ ಕನ್ನವನ್ನೂ ನಡೆಸಿದ್ದು. 1974ರ ಆಗಸ್ಟ್‌ನಲ್ಲಿ ನಿಕ್ಸನ್ ಮನೆಗೆ. ಬೇರು ವಿಯೆಟ್ನಾಂನಲ್ಲೇ ಇತ್ತು.

ಸುದ್ದಿಮನೆ_ಹಳಬ
ಬುಷ್ ವಿಷಯ: 2004ಕ್ಕೆ ಇರಾಕ್ ಯುದ್ಧಕ್ಕೆ ಒಂದೂವರೆ ವರ್ಷ ಮಾತ್ರ ಆಗಿತ್ತು. 2006ರಲ್ಲಿ ಎರಡೂ ಸದನ ಕೈತಪ್ಪಿದವು, ಮರುದಿನವೇ ರಕ್ಷಣಾ ಕಾರ್ಯದರ್ಶಿ ರಮ್ಸ್‌ಫೆಲ್ಡ್ ಹೊರಗೆ. ಡ್ರಾಫ್ಟ್ ಇಲ್ಲದ್ದರಿಂದ ಜನ ನಿಧಾನವಾಗಿ ತಿರುಗಿದರು. 2008ರಲ್ಲಿ ಒಬಾಮಾ ಪಕ್ಷದೊಳಗೆ ಹಿಲರಿಯನ್ನು ದಾಟಿದ್ದಕ್ಕೂ, ಇರಾಕ್ ಯುದ್ಧದ ಪರ ಹಿಲರಿ ಹಾಕಿದ್ದ ಮತವೇ ದೊಡ್ಡ ಕಾರಣ.

ತುಂಗಾತೀರ
ನನಗೆ ಹೆಚ್ಚು ಬೇಸರ ತಂದದ್ದು ಬೇರೆ. 1964ರ ಮೇ 27ರ ಫೋನ್ ಮಾತು ಟೇಪ್‌ನಲ್ಲಿ ಇದೆ. ಇದು ಹೋರಾಡಲು ಯೋಗ್ಯವಾದ ಯುದ್ಧ ಅಂತ ಅನ್ನಿಸುತ್ತಿಲ್ಲ, ಹೊರಬರಲೂ ಆಗುತ್ತದೆ ಅಂತ ಅನ್ನಿಸುತ್ತಿಲ್ಲ ಅಂತ ಜಾನ್ಸನ್ ತಮ್ಮ ಭದ್ರತಾ ಸಲಹೆಗಾರ ಮೆಕ್‌ಜಾರ್ಜ್ ಬಂಡಿಗೆ ಹೇಳುತ್ತಾರೆ. ಟೊಂಕಿನ್‌ಗೂ ಮೊದಲೇ! ಗೊತ್ತಿದ್ದೂ ಹೋದರು. ಸತ್ತ ಅಮೆರಿಕದ ಸೈನಿಕರು 58 ಸಾವಿರಕ್ಕೂ ಹೆಚ್ಚು, ವಿಯೆಟ್ನಾಮೀಯರು ಲಕ್ಷಾಂತರ. ಬೇರೆ ದಾರಿಯೇ ಇರಲಿಲ್ಲವಾ?

ಕಾಫಿತೋಟ
ಟ್ರೂಮನ್ ಅವರನ್ನು ಚೀನಾ ಕಳೆದವರು ಅಂತ ಹೊಡೆದಿದ್ದನ್ನು ಜಾನ್ಸನ್ ಸೆನೆಟ್‌ನಲ್ಲಿ ಕೂತು ನೋಡಿದ್ದರು. ವಿಯೆಟ್ನಾಂ ಬಿಟ್ಟರೆ ತನಗೂ ಅದೇ ಗತಿ ಅನ್ನೋ ಭಯ.

ಕಾಲೇಜ್_ಮೇಷ್ಟ್ರು
ದಾರಿ ಇತ್ತು. ತೋರಿಸಿದವರೂ ಇದ್ದರು. 1965ರ ಫೆಬ್ರವರಿಯಲ್ಲಿ ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ ಒಂದು ಟಿಪ್ಪಣಿ ಬರೆದುಕೊಟ್ಟರು. ದೊಡ್ಡ ಗೆಲುವು ಈಗಷ್ಟೇ ಆಗಿದೆ, ರಾಜಕೀಯವಾಗಿ ಅತಿ ಕಡಿಮೆ ಅಪಾಯದಲ್ಲಿ ಹೊರಬರಬಹುದಾದ ವರ್ಷ ಇದೇ, ಯುದ್ಧ ಬೆಳೆದರೆ ನಮ್ಮ ಪಕ್ಷದೊಳಗಿನಿಂದಲೇ ವಿರೋಧ ಬರುತ್ತದೆ ಅಂತ ಅದರ ಸಾರ. ಜಾನ್ಸನ್ ಅದನ್ನು ಒಪ್ಪಲಿಲ್ಲ. ಅಷ್ಟೇ ಅಲ್ಲ, ಮುಂದೆ ತಿಂಗಳುಗಟ್ಟಲೆ ಹಂಫ್ರಿಯನ್ನು ವಿಯೆಟ್ನಾಂ ಸಭೆಗಳಿಂದ ದೂರ ಇಟ್ಟರು.

ರಾಗಿಮುದ್ದೆ
ಅದೇ ಹಂಫ್ರಿ ಅಲ್ವಾ 1968ರಲ್ಲಿ ಜಾನ್ಸನ್ ಜಾಗದಲ್ಲಿ ನಿಂತು ಸೋತಿದ್ದು?

ಕಾಲೇಜ್_ಮೇಷ್ಟ್ರು
ಅವರೇ. ಮತ್ತೆ ಕರೆಸಿಕೊಂಡ ಮೇಲೆ ಯುದ್ಧವನ್ನು ಸಮರ್ಥಿಸುತ್ತಾ ಊರೂರು ತಿರುಗಿದರು. ಸೆಪ್ಟೆಂಬರ್ 30ರಂದು ಸಾಲ್ಟ್ ಲೇಕ್ ಸಿಟಿಯಲ್ಲಿ, ಶಾಂತಿಗಾಗಿ ಬಾಂಬ್ ದಾಳಿ ನಿಲ್ಲಿಸುವ ಅಪಾಯಕ್ಕೂ ತಯಾರು ಅಂತ ಮೊದಲ ಸಲ ಜಾನ್ಸನ್‌ರಿಂದ ಸ್ವಲ್ಪ ದೂರ ಸರಿದರು. ಅಲ್ಲಿಂದ ಬೆಂಬಲ ಏರುತ್ತಲೇ ಹೋಯಿತು. ನಿಕ್ಸನ್ ಎದುರು ಸೋತದ್ದು ಏಳು ಕೋಟಿಗೂ ಹೆಚ್ಚು ಮತಗಳಲ್ಲಿ ಸುಮಾರು ಐದು ಲಕ್ಷದಿಂದ.

ಬಿಸಿಲೂರು_ಹುಡುಗ
ಆ ಭಾಷಣವನ್ನು ಒಂದು ತಿಂಗಳು ಮೊದಲು, ಆಗಸ್ಟ್‌ನ ಷಿಕಾಗೋ ಸಮಾವೇಶದಲ್ಲೇ ಮಾಡಿದ್ದರೆ ಗೆಲ್ಲುತ್ತಿದ್ದರು ಅನ್ನೋದನ್ನು ಮಾತ್ರ ನಾನು ಒಪ್ಪುತ್ತೇನೆ ಮೇಷ್ಟ್ರೇ.

ಇತಿಹಾಸಪ್ರಿಯೆ
ಷಿಕಾಗೋದಲ್ಲಿ ಜಾನ್ಸನ್ ಬಿಡುತ್ತಿರಲಿಲ್ಲ. ಹಂಫ್ರಿ ಕಡೆಯವರು ಯುದ್ಧದ ಬಗ್ಗೆ ಸ್ವಲ್ಪ ಮೆದುವಾದ ನಿರ್ಣಯ ಸಿದ್ಧ ಮಾಡಿದ್ದರು, ಜಾನ್ಸನ್ ಟೆಕ್ಸಾಸ್‌ನ ಮನೆಯಿಂದಲೇ ಅದನ್ನು ತಡೆದರು. ಸ್ಪರ್ಧೆಯಿಂದ ಹಿಂದೆ ಸರಿದಿದ್ದರು, ಆದರೆ ಪಕ್ಷದ ಮೇಲಿನ ಹಿಡಿತ ಬಿಟ್ಟಿರಲಿಲ್ಲ.